ಮಾಡೆಲಿಂಗ್ ಬೀಗರು

ಚಂದ್ರವ್ವ: ಶಾಲು ಹೊಚ್ಚಿದ ಕೂಡ್ಲೇ ಅವರು ಚಲೋ ಮಂದಿ ಆಗಿಬಿಟ್ರೇನ್ರಿ?

ಗುರುಪಾದಪ್ಪ: ಬರೇ ಶಾಲಲ್ಲ. ಟೆಂಗಿನಕಾಯಿ ಕೊಟ್ರು. ಬದಾಮಿ ಹಾಲ ಕೊಟ್ರು. ಲಿಫ್ಟಿನ ತನಕಾ ಬಂದು ಕಳಿಸಿದ್ರು. ನಿನ್ನ ತವರಮನ್ಯಾಗ ಸುದ್ದಾ ನನಗ ಇಷ್ಟ ಮರ್ಯಾದಿ ಸಿಕ್ಕಿಲ್ಲ.

ಚಂದ್ರವ್ವ: ನನ್ನ ತವರಮನಿಯವರಿಗೆ ನಿಮ್ಮ ಗುರುತ ಐತಿ. ಅದಕ ಸಿಕ್ಕಿಲ್ಲ.

ಖಾನಾಪುರದ ಪೇಟೆಯಲ್ಲಿ ಗುರುಪಾದಪ್ಪನ ಪಾತ್ರೆ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಇಳಿಹೊತ್ತು. ಚಂದ್ರವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಗಂಡನ ಒಂದೊಂದು ಮಾತಿಗೂ ರೊಟ್ಟಿಗೆ ಒಂದು ಪೆಟ್ಟು ಹೆಚ್ಚಿಗೆ ಬೀಳುತ್ತಿತ್ತು. ಆಗಷ್ಟೇ ಬೆಳಗಾವಿಯ ಬಸ್ಸಿನಿಂದ ಇಳಿದು ಬಂದಿದ್ದ ಗುರುಪಾದಪ್ಪ ಹೆಗಲ ಮೇಲಿನ ಹೊಸ ಶಾಲನ್ನು ತೆಗೆಯದೆಯೇ ಗೋಡೆಗೆ ಒರಗಿದ್ದ. ಹೊಸ್ತಿಲ ಹತ್ತಿರ ಫೋನು ಹಿಡಿದು ಕೂತವಳು ಮಗಳು ಸಮೃದ್ಧಿ. ಜಗಳವೆಲ್ಲ ಅವಳ ಸಲುವಾಗಿಯೇ.

ಸಮೃದ್ಧಿ ಬಿ.ಕಾಂ. ಮುಗಿಸಿದ್ದಳು. ಎತ್ತರದ ಹುಡುಗಿ, ಸೀರೆ ಉಟ್ಟರೆ ನಾಲ್ಕು ಜನ ತಿರುಗಿ ನೋಡುವಂತಿದ್ದಳು. ಸೀರೆ ಅಂಗಡಿಗಳ ಜಾಹೀರಾತಿಗೆ ಮಾಡೆಲ್ ಆಗಬೇಕೆಂಬುದು ಅವಳ ಆಸೆ. ಬೆಳಗಾವಿಯ ಎರಡು ಏಜೆನ್ಸಿಗಳಿಗೆ ಫೋಟೊ ಕಳಿಸಿದ್ದಳು. ಎರಡೂ ಕಡೆಯಿಂದ ಕರೆ ಬಂದಿತ್ತು, ಎರಡಕ್ಕೂ ನಾಳೆ ಬೆಳಿಗ್ಗೆಯೇ ಹೋಗಬೇಕಿತ್ತು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು. ಯಾವುದು ನಿಜ, ಯಾವುದು ಮೋಸ ಎಂದು ನೋಡಿ ಬರಲು ಗುರುಪಾದಪ್ಪ ಮಗಳನ್ನು ಕರೆದುಕೊಂಡು ಹೋಗಿ ಬಂದಿದ್ದ.

ಈ ಕೆಲಸಕ್ಕೆ ತನಗಿಂತ ತಕ್ಕವರು ತಾಲ್ಲೂಕಿನಲ್ಲಿಯೇ ಇಲ್ಲ ಎಂದು ಗುರುಪಾದಪ್ಪ ನಂಬಿದ್ದ. ಮದುವೆಯ ಪಾತ್ರೆ ಕೊಳ್ಳಲು ಬಂದವರೆಲ್ಲ ಅವನ ಮುಂದೆ ಬೀಗರ ಸುದ್ದಿ ಬಿಚ್ಚುತ್ತಿದ್ದರು. ಹೀಗೆ ಕೇಳಿ ಕೇಳಿ ಅವನು ಸಂಬಂಧ ವಿಚಾರಿಸುವುದರಲ್ಲಿ ಹೆಸರಾಗಿದ್ದ. ಹೆಣ್ಣು ಕೊಡುವ ಮುಂಚೆ ಹುಡುಗನ ಮನೆ ನೋಡಿಕೊಂಡು ಬರಲು ಜನ ಅವನನ್ನೇ ಕಳಿಸುತ್ತಿದ್ದರು. ಮಾಡೆಲಿಂಗ್ ಏಜೆನ್ಸಿಗಳನ್ನೂ ಅವನು ಅದೇ ಕಣ್ಣಿನಿಂದ ನೋಡಿ ಬಂದಿದ್ದ.

ನೋಡಿದ್ದರಲ್ಲಿ ಒಂದು ಸ್ವರ್ಣಮುಖಿ ಮಾಡೆಲ್ಸ್. ದೊಡ್ಡ ಹೋಟೆಲಿನ ತಣ್ಣನೆಯ ಸಭಾಂಗಣ, ಕೋಟು ತೊಟ್ಟ ಸುಮಿತ ಎಂಬ ಯಜಮಾನ, ಬಂದವರಿಗೆಲ್ಲ ಶಾಲು. ಇನ್ನೊಂದು ಅನಗೋಳದ ಓಣಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ. ಅದನ್ನು ನಡೆಸುವವಳು ಸಾಕ್ಷಿ ಎಂಬ ಹೆಣ್ಣುಮಗಳು.

ಗುರುಪಾದಪ್ಪ: ಮಾಡೆಲ್ ಮಾಡೋರ ಮನಿ ಗಿರಣಿ ಮ್ಯಾಲ ಇರತೈತೇನ? ಪಾವಟಿಗಿ ಏರಿ ಇಳಿಯೂದ್ರಾಗ ನನ್ನ ಮೀಸಿ ಬೆಳ್ಳಗಾತು.

ಸಮೃದ್ಧಿ: ಅದು ಮೊದಲ ಬೆಳ್ಳಗ ಐತಿ ಅಪ್ಪಾ.

ಗುರುಪಾದಪ್ಪ: ನೀ ಸುಮ್ಮನಿರು. ಆ ಸಾಕ್ಷಿ ಅನ್ನಾಕಿ ಏನಂದ್ಲು ಗೊತ್ತೇನ? ಮೊದಲ ಏನೂ ಕೊಡೂದ ಬ್ಯಾಡಂತ. ಕೆಲಸಾ ಸಿಕ್ಕಮ್ಯಾಲ ಅಂಗಡಿಯವರು ಕೊಡ್ತಾರಲ್ಲ, ಅದ್ರಾಗ ತನ್ನ ಪಾಲ ಮುರಕೋತಾಳಂತ.

ಚಂದ್ರವ್ವ: ಚಲೋನ ಆತಲ್ಲ ಮತ್ತ.

ಗುರುಪಾದಪ್ಪ: ಏನ ಚಲೋ? ನಮಗೇನೂ ಬ್ಯಾಡ, ಹುಡುಗೀನ್ನಷ್ಟ ಕಳಸ್ರಿ ಅನ್ನೋ ಬೀಗರನ್ನ ನಾ ಭಾಳ ನೋಡೇನಿ. ಅಂಥಲ್ಲೆ ಹುಡುಗಗ ಏನರ ಒಂದು ಐಬ ಇದ್ದ ಇರತೈತಿ. ಸುಮಿತ ಅವರು ಹಂಗಲ್ಲ. ಹೆಣ್ಣಿನ ಕಡಿಯವರು ಏನೇನ ಮಾಡಬೇಕು ಅನ್ನೂದನ್ನ ಮೊದಲ ಬಿಚ್ಚಿ ಹೇಳಿದ್ರು.

ಚಂದ್ರವ್ವ: ಏನೇನ ಮಾಡಬೇಕಂತ?

ಗುರುಪಾದಪ್ಪ: ಫೋಟೊ ಆಲ್ಬಮ್ಮಿನ ಖರ್ಚ ನಮ್ದು. ಅವರ ಫೋಟೊಗ್ರಾಫರ ಕಡೇನ ತಗಿಸಬೇಕು. ಗೋವಾದಾಗ ತಗೀತಾರ, ನಾಳೆ ಮುಂಜಾನಿ ರೈಲು. ಇವತ್ತ ಸಂಜಿಕ ರೊಕ್ಕಾ ಹಾಕಿದ್ರ ಜಾಗಾ ಗಟ್ಟಿ, ಇಲ್ಲಾಂದ್ರ ಬ್ಯಾರೆ ಹುಡುಗಿ ಪಾಲು.

ಚಂದ್ರವ್ವ: ಹುಡುಗಿ ಜೊತಿಗೆ ಯಾರು?

ಗುರುಪಾದಪ್ಪ: ಯಾರೂ ಬ್ಯಾಡಂತ. ತಾಯಿ ತಂದಿ ಎದುರಿಗೆ ನಿಂತ್ರ ಹುಡುಗ್ಯಾರು ನಾಚತಾರಂತ.

ರೊಟ್ಟಿಯ ಸದ್ದು ನಿಂತಿತು.

ಚಂದ್ರವ್ವ: ಲಗ್ನಾ ಮಾಡಿ ಕೊಟ್ಟ ಹುಡುಗೀನ್ನ ಮೊದಲನೇ ಸಲ ಕಳಸೂ ಮುಂದ ಸುದ್ದಾ ಜೋಡಿಗೆ ಒಬ್ಬ ಮುದುಕೀನರ ಕಳಸ್ತೀವಿ. ಇವರ್ಯಾರ್ರಿ, ಒಬ್ಬಾಕಿನ್ನ ಬಾ ಅನ್ನಾಕ?

ಈ ಮಾತು ಗುರುಪಾದಪ್ಪನಿಗೆ ತಟ್ಟಿತು. ಸಭಾಂಗಣದ ತಂಪಿನಲ್ಲಿ ಅದು ಅವನಿಗೆ ಹೊಳೆದಿರಲಿಲ್ಲ. ಆದರೆ ಬೀಗರನ್ನು ಒಮ್ಮೆ ಹೊಗಳಿದ ಮೇಲೆ ಹೆಂಡತಿಯ ಎದುರಿಗೆ ಹಿಂದೆ ಸರಿಯುವುದು ಅವನ ರೂಢಿಯಲ್ಲಿ ಇರಲಿಲ್ಲ.

ಗುರುಪಾದಪ್ಪ: ಲೋಂಡಾ ಸ್ಟೇಶನ್ ತನಕಾ ನಾನ ಹೋಗಿ ಬಿಟ್ಟ ಬರ್ತೀನಿ.

ಚಂದ್ರವ್ವ: ಲೋಂಡಾ ದಾಟಿದ ಮ್ಯಾಲ?

ಗುರುಪಾದಪ್ಪ: ದಾಟಿದ ಮ್ಯಾಲ ರೈಲು ತಾನ ಹೋಗತೈತಿ.

ಸಾಕ್ಷಿ ಹಾಗಲ್ಲ ಎಂದು ಸಮೃದ್ಧಿ ನಡುವೆ ಬಾಯಿ ಹಾಕಿದಳು. ಮನೆಯವರು ಒಬ್ಬರು ಜೊತೆಗೆ ಬಾರದಿದ್ದರೆ ಸಾಕ್ಷಿ ಕ್ಯಾಮೆರಾವನ್ನೇ ತೆರೆಯುವುದಿಲ್ಲವಂತೆ. ಕರಾರಿನ ಕಾಗದ ಕೊಟ್ಟು, ಮನೆಗೆ ಒಯ್ದು ನಾಲ್ಕು ಜನರಿಗೆ ತೋರಿಸಿ ಓದಿರಿ, ಅವಸರ ಇಲ್ಲ ಅಂದಳಂತೆ. ಬಣ್ಣ ಬಳಿದುಕೊಂಡು ತೆಗೆಸಿದ ಆಲ್ಬಮ್ಮೂ ಬೇಡ, ಬೆಳಕಿಗೆ ನಿಂತು ಫೋನಿನಲ್ಲಿ ತೆಗೆದ ಫೋಟೊ ಸಾಕಂತೆ. ಹಬ್ಬದ ಜಾಹೀರಾತಿಗಾಗಿ ಒಂದು ಸೀರೆ ಅಂಗಡಿಯವರು ನಾಳೆ ಹುಡುಗಿಯರನ್ನು ನೋಡುವವರಿದ್ದರು. ನಾಳೆ ಹೋಗದಿದ್ದರೆ ಆ ಕೆಲಸ ಬೇರೆಯವರದು.

ಗುರುಪಾದಪ್ಪ: ಕೆಲಸಾ ಸಿಕ್ಕ ಸಿಗತೈತಿ ಅಂದ್ಲೇನ ಆಕಿ?

ಸಮೃದ್ಧಿ: ಸಿಗಬಹುದು, ಸಿಗದೇನೂ ಇರಬಹುದು ಅಂದ್ಲು. ನೋಡಿ ಹೇಳ್ತೀವಿ ಅಂದ್ಲು.

ಗುರುಪಾದಪ್ಪ: ಕೇಳಿದೇನ? ಕನ್ಯಾ ನೋಡಿ, ಅವಲಕ್ಕಿ ತಿಂದು, ಹೇಳಿ ಕಳಸ್ತೀವಿ ಅಂದೋರು ಇವತ್ತಿನ ತನಕಾ ಯಾರರ ಹೇಳಿ ಕಳಿಸ್ಯಾರೇನ? ಸುಮಿತ ಅವರು ನಿಂತ ಕಾಲ ಮ್ಯಾಲ ಹೂಂ ಅಂದ್ರು. ಇಂಥಾ ಮುಖ ಲಕ್ಷಕ್ಕೊಂದು ಅಂದ್ರು.

ಸಮೃದ್ಧಿ: ನನ್ನ ಮುಂದ ನಿಂತಾಕಿಗೂ ಹಂಗ ಅಂದ್ರು. ನನ್ನ ಹಿಂದ ನಿಂತಾಕಿಗೂ ಹಂಗ ಅಂದ್ರು.

ಗುರುಪಾದಪ್ಪ: ಅವರೂ ಚಂದನ ಇದ್ರು.

ಚಂದ್ರವ್ವ ತನ್ನ ತೀರ್ಪು ಹೇಳಿದಳು. ಅಲ್ಲಿಗೂ ಬೇಡ, ಇಲ್ಲಿಗೂ ಬೇಡ. ಮಂದಿಯ ಸೀರೆ ಉಟ್ಟು ನಿಂತ ಮಗಳ ಹಿಂದೆ ಚೀಲ ಹಿಡಿದುಕೊಂಡು ತಾನು ನಿಲ್ಲುವುದಿಲ್ಲ. ಗುರುಪಾದಪ್ಪನಂತೂ ಅನಗೋಳಕ್ಕೆ ಹೋಗುವುದಿಲ್ಲ, ನಾಳೆ ಮಧ್ಯಾಹ್ನ ಮದುವೆ ಪಾತ್ರೆಯ ಗಿರಾಕಿಗಳು ಬರುವವರಿದ್ದಾರೆ. ಅಲ್ಲಿಗೆ ಸಮೃದ್ಧಿಯ ಆಸೆಗೆ ಎರಡೂ ಬಾಗಿಲು ಮುಚ್ಚಿದವು. ಅವಳು ಫೋನಿನಲ್ಲಿ ಸುಮಿತನ ನಂಬರು ತೆರೆದಳು.

ಸಮೃದ್ಧಿ: ಅಪ್ಪಾ, ಸುಮಿತ ಸರ್ ಖರೇನ ಮುಖಾ ನೋಡಿ ಆರಿಸ್ತಾರಂತೀರಿ?

ಗುರುಪಾದಪ್ಪ: ಮತ್ತ? ಅವರದು ನುರಿತ ಕಣ್ಣು.

ಸಮೃದ್ಧಿ: ಹಂಗಾರ ಅವ್ವನ ಫೋಟೊ ಕಳಿಸಿ ನೋಡೂಣು.

ಗುರುಪಾದಪ್ಪ ನಕ್ಕುಬಿಟ್ಟ. ನಕ್ಕ ಮೇಲೆ, ನಗಬಾರದಿತ್ತು ಎಂದು ಅವನಿಗೆ ಹೊಳೆಯಿತು.

ಚಂದ್ರವ್ವ: ಯಾಕ ನಕ್ಕಿರಿ?

ಗುರುಪಾದಪ್ಪ: ನಾ ಎಲ್ಲಿ ನಕ್ಕೆ? ಒಲಿ ಹೊಗಿ ಗಂಟಲಕ ಹತ್ತಿತು. ಕಳಸು, ಕಳಸು. ಬೇಷಕ್ ಕಳಸು.

ಮಾಡೆಲಿಂಗ್ ಎಂದರೆ ಮೂಗು ಮುರಿಯುತ್ತಿದ್ದ ಚಂದ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು, ಬೆಳಕು ಯಾವ ಕಡೆಯಿಂದ ಬೀಳುತ್ತದೆ ಎಂದು ನೋಡಿ ತುಸು ತಿರುಗಿ ಕೂತಳು. ಸಮೃದ್ಧಿ ಫೋಟೊ ತೆಗೆದು, ಕೆಳಗೆ ಬರೇ ಹೆಸರು ಬರೆದು ಕಳಿಸಿದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವಷ್ಟರಲ್ಲಿ ಉತ್ತರ ಬಂತು. ಸಮೃದ್ಧಿ ಗಟ್ಟಿಯಾಗಿ ಓದಿದಳು.

“ಅಭಿನಂದನೆಗಳು, ಚಂದ್ರವ್ವ ಮೇಡಂ. ನೀವು ನಮ್ಮ ಹದಿಹರೆಯದ ವಿಭಾಗಕ್ಕೆ ಆಯ್ಕೆಯಾಗಿದ್ದೀರಿ. ನಿಮ್ಮಂಥ ಮುಖ ಲಕ್ಷಕ್ಕೊಂದು. ಇಂದು ಸಂಜೆಯೊಳಗೆ ಹಣ ಪಾವತಿಸಿ ನಿಮ್ಮ ಸ್ಥಾನ ಕಾಯ್ದಿರಿಸಿ.”

ರೊಟ್ಟಿ ಸೀಯತೊಡಗಿತು. ಯಾರೂ ತೆಗೆಯಲಿಲ್ಲ.

ಚಂದ್ರವ್ವ: ಏನಂತೀರಿ?

ಗುರುಪಾದಪ್ಪ ಹೆಗಲ ಮೇಲಿನ ಶಾಲನ್ನು ಸರಿಪಡಿಸಿಕೊಂಡ. ಇದು ಮೋಸ ಎಂದರೆ ಹೆಂಡತಿಯ ಮುಖ ಚೆನ್ನಾಗಿಲ್ಲ ಎಂದಂತೆ. ಖರೆ ಎಂದರೆ ನಾಳೆ ಮಗಳ ಜೊತೆಗೆ ಹೆಂಡತಿಯನ್ನೂ ಗೋವಾದ ರೈಲು ಹತ್ತಿಸಬೇಕು. ಬೀಗರ ಮನೆಯ ಎಂತೆಂಥ ತೊಡಕುಗಳನ್ನೋ ಬಿಡಿಸಿದವನಿಗೆ ಇಂಥದ್ದು ಎಂದೂ ಎದುರಾಗಿರಲಿಲ್ಲ.

ಚಂದ್ರವ್ವ: ನುರಿತ ಕಣ್ಣು ಅಂದ್ರಿ. ಈಗ ಮಾತಾಡ್ರಲಾ.

ಗುರುಪಾದಪ್ಪ: ಅವರು ಆರಿಸಿದ್ರಾಗ ತಪ್ಪೇನಿಲ್ಲ. ವಿಭಾಗ ಅಷ್ಟ ತುಸು ಆಚೀಚಿ ಆಗೈತಿ.

ಚಂದ್ರವ್ವ: ಅಂದ್ರ ನಾ ಮುದುಕಿ ಅಂತೀರೇನ?

ಗುರುಪಾದಪ್ಪ: ನಾ ಎಲ್ಲಿ ಅಂದೆ? ತಂಗಿ, ಒಂದ ಕೆಲಸಾ ಮಾಡು. ನಂದೂ ಒಂದ ಫೋಟೊ ಕಳಸು.

ಅಂಗಡಿಯ ಲೈಸೆನ್ಸಿಗೆ ತೆಗೆಸಿದ ಫೋಟೊ ಸಮೃದ್ಧಿಯ ಫೋನಿನಲ್ಲಿತ್ತು. ಅದರಲ್ಲಿ ಗುರುಪಾದಪ್ಪ ಯಾರೋ ಅಂಗಡಿ ಮುಚ್ಚಿಸಲು ಬಂದವರನ್ನು ನೋಡಿದಂತೆ ನೋಡುತ್ತಿದ್ದ. ಅದನ್ನೇ ಹೆಸರಿನ ಸಮೇತ ಕಳಿಸಿದಳು. ಈ ಸಲ ಉತ್ತರ ಇನ್ನೂ ಬೇಗ ಬಂತು. ಗುರುಪಾದಪ್ಪ ಮೇಡಂ ಹದಿಹರೆಯದ ವಿಭಾಗಕ್ಕೆ ಆಯ್ಕೆಯಾಗಿದ್ದಳು. ಆಕೆಯಂಥ ಮುಖವೂ ಲಕ್ಷಕ್ಕೊಂದೇ.

ಗುರುಪಾದಪ್ಪ ಹೆಗಲ ಮೇಲಿನ ಶಾಲನ್ನು ಮೆಲ್ಲಗೆ ತೆಗೆದು ಮಡಚಿ ಪಕ್ಕಕ್ಕಿಟ್ಟ.

ಗುರುಪಾದಪ್ಪ: ಕಳ್ಳ ಸೂಳೆಮಕ್ಕಳು. ಮುಖಾನ ನೋಡಾಂಗಿಲ್ಲ ಇವರು.

ಚಂದ್ರವ್ವ: ಇದು ನನ್ನನ್ನ ಆರಿಸಿದಾಗ ಗೊತ್ತಾತೋ, ನಿಮ್ಮನ್ನ ಆರಿಸಿದಾಗ ಗೊತ್ತಾತೋ?

ಗುರುಪಾದಪ್ಪ: ನನ್ನನ್ನ ಆರಿಸಿದಾಗ. ಆಣಿ ಮಾಡಿ ಹೇಳ್ತೀನಿ. ಅಲ್ಲೀತನಕಾ ನನಗ ಸಂಶೇನ ಬಂದಿದ್ದಿಲ್ಲ.

ಈ ಉತ್ತರ ನಡೆಯಿತು. ಚಂದ್ರವ್ವ ಸೀದ ರೊಟ್ಟಿಯನ್ನು ತೆಗೆದು ಗಂಡನ ತಾಟಿಗೆ ಹಾಕಿದಳು. ಅವನು ಅದನ್ನು ಚೂರೂ ಬಿಡದೆ ತಿಂದ.

ಉಂಡು ಎದ್ದವನೇ ಗುರುಪಾದಪ್ಪ ಸುಮಿತನಿಗೆ ಫೋನು ಮಾಡಿ, ನೀವು ಈಗಾಗಲೇ ಕೆಲಸಕ್ಕೆ ಹಚ್ಚಿದ ಹುಡುಗಿಯರು ಯಾರು, ಯಾವ ಅಂಗಡಿಗೆ ಕಳಿಸಿದ್ದೀರಿ ಎಂದು ಕೇಳಿದ. ಅದು ಕಂಪನಿಯ ಗುಟ್ಟು ಎಂದ ಸುಮಿತ. ಮುಂಬೈ ಎಂದ, ಸಿನಿಮಾ ಎಂದ, ನಿಮಗಾಗಿ ಅರ್ಧಕ್ಕೆ ಇಳಿಸುತ್ತೇನೆ ಎಂದ. ಹುಡುಗಿಯ ಬಗ್ಗೆ ಕೇಳಿದರೆ ರೊಕ್ಕದ ಬಗ್ಗೆ ಉತ್ತರ ಬರುತ್ತಿತ್ತು. ಗುರುಪಾದಪ್ಪ, ಈ ಸಂಬಂಧ ನಮಗೆ ಕೂಡಿ ಬರುವುದಿಲ್ಲ ಎಂದು ಹೇಳಿ ಇಟ್ಟ.

ಆಮೇಲೆ ಸಾಕ್ಷಿಗೆ ಫೋನು ಮಾಡಿ ಅದೇ ಪ್ರಶ್ನೆ ಕೇಳಿದ. ಅವಳು ಸೀರೆ ಅಂಗಡಿಯ ಶಾಂತಿನಾಥ ಶೆಟ್ಟರ ನಂಬರು ಕೊಟ್ಟು, ನೀವೇ ಕೇಳಿ ನೋಡ್ರಿ ಕಾಕಾ ಅಂದಳು. ಶೆಟ್ಟರು ಸಮಾಧಾನದಿಂದ ಮಾತಾಡಿದರು. ಎರಡು ದೀಪಾವಳಿಯಿಂದ ಸಾಕ್ಷಿಯೇ ಹುಡುಗಿಯರನ್ನು ಕಳಿಸುತ್ತಿದ್ದಾಳೆ, ಜೊತೆಗೆ ತಾಯಂದಿರು ಬರುತ್ತಾರೆ, ತಾಯಂದಿರು ಕೂತಲ್ಲಿಯೇ ಸೀರೆ ಕೊಳ್ಳುತ್ತಾರೆ, ಅಂಗಡಿಗೆ ಅದೇ ದೊಡ್ಡ ಲಾಭ ಎಂದರು.

ಗುರುಪಾದಪ್ಪನ ಮನಸ್ಸು ತುಂಬಿತು. ಆದರೂ ಸಂಬಂಧ ವಿಚಾರಿಸುವವನು ಕೊನೆಯ ಗಂಟನ್ನೂ ಬಿಚ್ಚಿ ನೋಡಬೇಕು. ಅವನು ಅಂಗಡಿಯ ಕಟ್ಟೆಗೆ ಬಂದು ಕೂತು, ಮಗಳಿಂದ ಇಸಿದುಕೊಂಡಿದ್ದ ಫೋನಿನಲ್ಲಿ ಬೆರಳಿನಿಂದ ತಡಕಾಡಿ, ಹೆಂಡತಿಯ ಫೋಟೊವನ್ನು ತಾನೇ ಸಾಕ್ಷಿಗೆ ಕಳಿಸಿದ. ಸಾಕ್ಷಿ ಸ್ವಲ್ಪ ತಡೆದು ಉತ್ತರ ಬರೆದಳು. ಓದಿದ ಗುರುಪಾದಪ್ಪ ಎದ್ದು, ಗಿರಾಕಿ ಬಂದು ನಿಂತದ್ದನ್ನೂ ನೋಡದೆ ಒಳಗೆ ಓಡಿದ.

ಗುರುಪಾದಪ್ಪ: ಗಟ್ಟಿ ಸಂಬಂಧ ಐತಿ. ಕಣ್ಣ ಮುಚ್ಚಿ ಕೊಡಬಹುದು. ಸಾಕ್ಷಿದು ಖರೇ ಏಜೆನ್ಸಿ.

ಚಂದ್ರವ್ವ: ಹೆಂಗ ಗೊತ್ತಾತು?

ಗುರುಪಾದಪ್ಪ: ಒಂದ ಫೋಟೊ ಕಳಿಸಿದ್ದೆ. ಬ್ಯಾಡ ಅಂದ್ಲು.

ಸಮೃದ್ಧಿ ತಾಯಿಯ ಬೆನ್ನ ಹಿಂದೆ ನಿಂತು ಎರಡೂ ಕೈ ಅಲ್ಲಾಡಿಸಿದಳು. ಹೊತ್ತು ಮೀರಿತ್ತು.

ಚಂದ್ರವ್ವ: ಯಾರ ಫೋಟೊ?

ಗುರುಪಾದಪ್ಪ: ನಂದು.

ಚಂದ್ರವ್ವ: ನಿಮ್ಮನ್ನ ಬ್ಯಾಡ ಅಂದಿದ್ರ ನೀವು ಹಿಂಗ ಕುಣಕೋತ ಬರತಿದ್ದಿಲ್ಲ. ತಾರ್ರಿ ಇಲ್ಲಿ ಫೋನಾ.

ಅವನು ಕೊಡಲಿಲ್ಲ, ಅವಳೇ ತೆಗೆದುಕೊಂಡಳು. ಪರದೆಯ ಮೇಲೆ ಅವಳದೇ ಮುಖ. ಅದರ ಕೆಳಗೆ ಸಾಕ್ಷಿಯ ಮಾತು: “ಬೇಜಾರ ಮಾಡ್ಕೋಬ್ಯಾಡ್ರಿ ಕಾಕಾ. ಸದ್ಯಕ್ಕ ಇವರಿಗೆ ಕೊಡೋವಂಥಾ ಕೆಲಸಾ ನನ್ನ ಕಡೆ ಇಲ್ಲ. ಸುಳ್ಳ ಆಸೆ ಹಚ್ಚಾಂಗಿಲ್ಲ.”

ಚಂದ್ರವ್ವ ಒಂದು ಸಲ ಓದಿದಳು. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದಿದಳು. ಗುರುಪಾದಪ್ಪ ಅಂಗಡಿಯ ಕಡೆಗೆ ಒಂದು ಕಾಲು ಇಟ್ಟು ನಿಂತಿದ್ದ. ಅಪ್ಪ ಒಪ್ಪಿದ ಗಳಿಗೆಯಲ್ಲೇ ಅವ್ವ ಮುರಿಯುವುದು ಖಂಡಿತ ಎಂದು ಸಮೃದ್ಧಿಗೆ ಅನ್ನಿಸಿತು.

ಚಂದ್ರವ್ವ: ನಾಳೆ ಯಾವ ಬಸ್ಸಿಗೆ ಹೋಗಬೇಕವಾ ತಂಗಿ?

ಸಮೃದ್ಧಿ: ಮೊದಲನೇ ಬಸ್ಸಿಗೆ. ಆದ್ರ ಮನಿಯವರು ಒಬ್ಬರು ಬರಬೇಕಲ್ಲವ್ವಾ.

ಚಂದ್ರವ್ವ: ನಾ ಬರ್ತೀನಿ. ಫೋಟೊ ನೋಡಿ ಬ್ಯಾಡ ಅನ್ನೂದು ಸಸಾರ ಐತಿ. ಆ ಸಾಕ್ಷಿ ದಿನಾಪೂರ್ತಿ ನನ್ನ ಎದುರಿಗೆ ಕುಂತು ಅನ್ನಲಿ, ನೋಡೂಣು.