ಟ್ಯಾಂಕ್ ತೊಳೆಯುವ ಪ್ರಸಂಗದಲ್ಲಿ ಉರುಳುವ ವಿದ್ಯೆ

ನಮ್ಮ ಯಜಮಾನರು ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು. ಊರ ಮಕ್ಕಳನ್ನೆಲ್ಲ ಬಗ್ಗಿಸಿ ಏಳಿಸುವ ಈ ಮಹಾಶಯರು ಮನೆಯಲ್ಲಿ ಬಗ್ಗಿ ಒಂದು ಕಡ್ಡಿ ಎತ್ತಿದ್ದನ್ನು ನಾನು ಕಂಡಿಲ್ಲ. (ಹೊಟ್ಟೆ ಅಡ್ಡ ಬರುತ್ತದಂತೆ.) ತಾರಸಿಯ ಮೇಲಿನ ನೀರಿನ ಟ್ಯಾಂಕ್ ತೊಳೆಯಿರಿ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು. ನಾನು ಬಾಯಿ ತೆರೆಯುವುದಕ್ಕೂ ಅವರು ಬಚ್ಚಲುಮನೆಯ ಚಿಲಕ ಹಾಕಿಕೊಳ್ಳುವುದಕ್ಕೂ ಸರಿಹೋಗುತ್ತಿತ್ತು.

ಈ ಭಾನುವಾರ ಮಾತ್ರ ಬಿಡುವ ಪ್ರಶ್ನೆಯೇ ಇರಲಿಲ್ಲ. ಬೆಳಿಗ್ಗೆಯೇ ಟ್ಯಾಂಕ್ ಖಾಲಿ ಮಾಡಿಬಿಟ್ಟಿದ್ದೆ. ಸಂಜೆ ನೀರು ಬರುವುದರೊಳಗೆ ಯಾರಾದರೂ ಇಳಿದು ಉಜ್ಜಲೇಬೇಕು. ಆ ‘ಯಾರಾದರೂ’ ನಾನಾಗಕೂಡದು, ಏಕೆಂದರೆ ಸಂಜೆ ಗೆಳತಿಯ ಜೊತೆ ನಾಟಕಕ್ಕೆ ಹೊರಟಿದ್ದೆ. ಮನೆಯವರ ಬಾಲವಿಲ್ಲದೆ ಹೊರಗೆ ಹೋಗಿ ಯಾವ ಕಾಲವಾಯಿತೋ!

ಮಧ್ಯಾಹ್ನ ಹಾಲ್‌ನಲ್ಲಿ ಮಗಳು ಟಿವಿಗೆ ತಗುಲಿಸಿದ ಗೇಮ್ ಆಡುತ್ತಿದ್ದಳು. ಬೆಟ್ಟದಂಥ ರಾಕ್ಷಸ ಕತ್ತಿ ಬೀಸಿದ. ಅವಳು ಆಡಿಸುತ್ತಿದ್ದ ವೀರ ಪುಟಕ್ಕನೆ ಉರುಳಿದ. ಒಂದು ಗೀರೂ ಬೀಳಲಿಲ್ಲ.

“ಇದೇನೇ ಮೋಸ! ಕತ್ತಿ ಅವನ ಮೈಯೊಳಗೇ ಹಾದುಹೋಯ್ತಲ್ಲ!”

“ಉರುಳೋಕೆ ಶುರು ಮಾಡಿದಾಗ ಕಣ್ಣು ಮಿಟುಕಿಸೋಷ್ಟು ಹೊತ್ತು ಯಾವ ಏಟೂ ತಾಗಲ್ಲಮ್ಮ. ಆದರೆ ಎದ್ದು ನಿಲ್ಲೋವಾಗ ಏನೂ ಮಾಡಕ್ಕಾಗಲ್ಲ. ಆಗ ಏಟು ಬಿತ್ತೋ, ಕತೆ ಮುಗೀತು.”

“ಹಾಗಾದ್ರೆ ಈ ರಾಕ್ಷಸ ಏನ್ ಮಾಡಬೇಕು?”

“ಕತ್ತಿ ಎತ್ಕೊಂಡು ಸುಮ್ನೆ ಕಾಯಬೇಕು. ವೀರ ಹೆದರಿ ಮೊದಲೇ ಉರುಳ್ತಾನೆ. ಏಳೋವಾಗ ಹಾಕೋದು!”

ನನಗೆ ಜ್ಞಾನೋದಯವಾಯಿತು. ಇಷ್ಟು ವರ್ಷ ನಾನು ಬೀಸಿದ್ದೆಲ್ಲ ಅವರು ಉರುಳುತ್ತಿದ್ದಾಗ! ಏಟೆಲ್ಲ ಬಚ್ಚಲ ಬಾಗಿಲಿಗೆ ಬಿದ್ದು ದಂಡವಾಗಿದ್ದವು.

“ರೀ, ಟ್ಯಾಂಕು!” ಎಂದು ಕೂಗಿದೆ. ಚಿಲಕ ಬಿತ್ತು. ಬ್ರಷ್ ಹಿಡಿದು ಬಾಗಿಲ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತೆ. ಎಷ್ಟೋ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಒಂದು ಕಾಲು ಹೊರಗಿಟ್ಟಿದ್ದರು, ಅಷ್ಟೇ.

“ಟ್ಯಾಂಕು!” ಎಂದು ಅಬ್ಬರಿಸಿದೆ.

ಪುಣ್ಯಾತ್ಮ ಹಿಂದೆ ಸರಿಯಲಿಲ್ಲ, ನೇರ ನನ್ನ ಮೇಲೇ ಬಂದರು. “ಹೌದು ಕಣೆ, ಎಷ್ಟು ದಿನ ಅಂತ ನೀನೇ ಬಾಯಿ ಬಡ್ಕೋಬೇಕು? ಕೊಡು ಬ್ರಷ್ಷು, ನಡಿ ಮೇಲಕ್ಕೆ.”

ನಾನು ಗರಬಡಿದವಳಂತೆ ಹಿಂಬಾಲಿಸಿದೆ. ಅವರು ಟ್ಯಾಂಕಿನ ಮುಚ್ಚಳ ತೆಗೆದು ಕಾಲು ಇಳಿಬಿಟ್ಟರು. ಸೊಂಟದವರೆಗೆ ಹೋದರು. ಹೊಟ್ಟೆ ಸಿಕ್ಕಿಕೊಂಡಿತು. ಒಳಗೆ ತಳ್ಳಿದೆ, ಆಗಲಿಲ್ಲ. ಕಡೆಗೆ ಹೊರಗೆ ಎಳೆಯುವುದರಲ್ಲಿ ನನ್ನ ಪ್ರಾಣವೇ ಬಾಯಿಗೆ ಬಂತು.

“ಛೇ, ನನ್ನ ಕೈಲಾಗಲ್ಲ ಬಿಡು. ನೀನಾದ್ರೆ ಮದುವೆ ದಿನ ಹೇಗಿದ್ಯೋ ಹಾಗೇ ಇದೀಯ, ಸಲೀಸಾಗಿ ಇಳಿದುಬಿಡ್ತೀಯ.”

ನೀವೇ ಹೇಳಿ, ಈ ಮಾತು ಕೇಳಿದ ಮೇಲೆ ಯಾವ ಹೆಂಗಸು ತಾನೇ ಹೊರಗೆ ನಿಂತಾಳು? ಸೆರಗು ಸಿಕ್ಕಿಸಿ ಇಳಿದೇಬಿಟ್ಟೆ. ಕಾಲು ಕೆಸರಿಗೆ ತಾಗಿದ ಮೇಲೆ ಬುದ್ಧಿ ಬಂತು.

“ಆ ಮೂಲೇಲಿ ಇನ್ನೂ ಪಾಚಿ ಇದೆ ನೋಡು,” ಎಂದು ಮೇಲಿಂದ ಟಾರ್ಚಿನ ಬೆಳಕು ಬಿಟ್ಟರು.

ಪಕ್ಕದಲ್ಲಿ ಮಗಳ ಮುಖವೂ ಇಣುಕಿತು. “ಏನೇ ಇದು? ನಿಮ್ಮಪ್ಪ ಓಡಿಹೋಗದೆ ಎದುರಿಗೇ ಬಂದ್ರಲ್ಲೇ!” ಎಂದು ಕಿರುಚಿದೆ.

“ಏಟಿನ ಕಡೆಗೇ ಉರುಳಿ ಬೆನ್ನ ಹಿಂದೆ ಹೋಗಬೇಕಮ್ಮ, ದೂರ ಓಡಬಾರದು. ಅಪ್ಪ ಬೆಳಿಗ್ಗೇನೇ ಕೇಳಿ ತಿಳ್ಕೊಂಡ್ರು.”

“ನನಗ್ಯಾಕೆ ಬೊಗಳಲಿಲ್ಲ?”

“ನೀನು ಕೇಳಿದ್ದು ರಾಕ್ಷಸ ಏನ್ ಮಾಡಬೇಕು ಅಂತ ತಾನೇ?”

ಕೆಳಗೆ ಗೆಳತಿಯ ಗಾಡಿಯ ಹಾರ್ನ್ ಕೇಳಿಸಿತು.

“ಆಂಟಿ ಬಂದ್ರು. ಟಿಕೆಟ್ ಸುಮ್ನೆ ಹಾಳಾಗಬಾರದಲ್ಲ, ನಾನೇ ಹೋಗಿಬರ್ತೀನಮ್ಮ,” ಎಂದಳು ಮಗಳು. ತಲೆಯೆತ್ತಿ ನೋಡಿದೆ: ನಾನು ನಾಟಕಕ್ಕೆಂದು ತೆಗೆದಿಟ್ಟಿದ್ದ ಓಲೆಗಳು ಆಗಲೇ ಅವಳ ಕಿವಿಯಲ್ಲಿದ್ದವು.