ಮಕ್ಕಳ ಕಲಿಕೆ ಅಳೆಯಲು ಹೋಗಿ

ಅಕ್ಕಿ ಅಳೆಯೋಕೆ ಸೇರು ಇದೆ, ಬಟ್ಟೆ ಅಳೆಯೋಕೆ ಮೀಟರಿದೆ, ಮಕ್ಕಳ ಕಲಿಕೆ ಅಳೆಯೋಕೆ ನಾನಿದ್ದೇನೆ. ಹಾಗಾಗಿ ಮುಂದೆ ಹೇಳುವಂಥ ಪ್ರಸಂಗಗಳೆಲ್ಲ ನನ್ನ ಪಾಲಿಗೆ ಬರುತ್ತಲೇ ಇರುತ್ತವೆ. ಮೂಡಿಗೆರೆ ಸುತ್ತಿನ ಸರ್ಕಾರಿ ಶಾಲೆಗಳಿಗೆ ಹೋಗಿ, ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬಂದಿದೆ ಅಂತ ನೋಡಿ ಮೇಲಿನ ಕಚೇರಿಗೆ ವರದಿ ಕಳಿಸೋದು ನನ್ನ ಕೆಲಸ.

ಇಡೀ ಕ್ಲಾಸಿಗೆ ಜ್ವರ

ಜಾವಳಿ ಕಡೆಯ ಒಂದು ಪುಟ್ಟ ಶಾಲೆ. ಐದನೇ ಕ್ಲಾಸಿನಲ್ಲಿ ಇದ್ದದ್ದು ಒಬ್ಬಳೇ ಹುಡುಗಿ. ಮೊದಲ ಪರೀಕ್ಷೆಯಲ್ಲಿ ಅವಳು ಪಾಸಾದಳು. ನೂರಕ್ಕೆ ನೂರು ಫಲಿತಾಂಶ ಅಂತ ಮೇಷ್ಟ್ರಿಗೆ ಅಭಿನಂದನೆಯೂ ಬಂತು. ಮುಂದಿನ ಪರೀಕ್ಷೆಯ ದಿನ ಅವಳಿಗೆ ಜ್ವರ. ವರದಿಯಲ್ಲಿ ಸೊನ್ನೆ.

ನಾನು ಅಲ್ಲಿದ್ದಾಗಲೇ ಹೊಸದಾಗಿ ಬಂದ ಅಧಿಕಾರಿಯ ಫೋನು. ಮೇಷ್ಟ್ರು ಸಿಗ್ನಲ್ ಸಿಗುವ ನೀರಿನ ಟ್ಯಾಂಕಿನ ಪಕ್ಕ ಹೋಗಿ ಸ್ಪೀಕರ್ ಹಾಕಿದರು.

"ಏನ್ರೀ, ಐದನೇ ಕ್ಲಾಸು ಪೂರ್ತಿ ಗೈರುಹಾಜರು?"

"ಜ್ವರ ಸರ್."

"ಇಡೀ ಕ್ಲಾಸಿಗಾ?"

"ಹೌದು ಸರ್, ಇಡೀ ಕ್ಲಾಸಿಗೆ."

ಅಧಿಕಾರಿಯ ದನಿ ಇಳಿಯಿತು. "ಇದು ಸಣ್ಣ ವಿಷಯ ಅಲ್ಲ. ಡಾಕ್ಟರ್‌ಗಳ ತಂಡ ಕಳಿಸ್ಲಾ?"

"ಬೇಡ ಸರ್. ಇಡೀ ಕ್ಲಾಸಿಗೆ ಅವರಮ್ಮ ಕಷಾಯ ಕುಡಿಸಿ ಮಲಗಿಸಿದಾರೆ."

ಮಳೆಯಲ್ಲಿ ಮಗ್ಗಿ

ಆಲ್ದೂರಿನ ಹತ್ತಿರದ ಇನ್ನೊಂದು ಶಾಲೆಯಲ್ಲಿ ಬಾಯಿಲೆಕ್ಕದ ಪರೀಕ್ಷೆ. ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯುತ್ತಿತ್ತು, ಪಕ್ಕದವರ ಮಾತೂ ಕೇಳದು. ಒಬ್ಬ ಹುಡುಗನನ್ನು ಕರೆದು "ಏಳೆಂಟ್ಲಾ?" ಎಂದು ಕೂಗಿದೆ. ಅವನ ತುಟಿ ಆಡಿತು. ಮುಖದಲ್ಲಿ ಅಷ್ಟೊಂದು ಗಂಭೀರತೆ ಇದ್ದ ಮೇಲೆ ಉತ್ತರ ತಪ್ಪಿರಲಿಕ್ಕಿಲ್ಲ ಅಂತ "ಸರಿ" ಎಂದೆ. "ಆರೊಂಬತ್ಲಾ?" ಮತ್ತೆ ತುಟಿ ಆಡಿತು, ಈ ಸಲ ಇನ್ನೂ ಅವಸರದಲ್ಲಿ. ಎಷ್ಟು ಚುರುಕಪ್ಪಾ ಅಂದುಕೊಂಡು ಮತ್ತೆ "ಸರಿ" ಎಂದೆ.

ಅಷ್ಟರಲ್ಲಿ ಮಳೆ ಥಟ್ಟನೆ ನಿಂತಿತು. ಹುಡುಗನ ದನಿ ಕೇಳಿತು:

"ಆಗ್ಲಿಂದ ಸರಿ ಸರಿ ಅಂತೀರಿ ಮೇಡಂ, ಒಂದಕ್ಕೆ ಕಳ್ಸೋದೇ ಇಲ್ಲ."

ಗಟ್ಟಿಯಾಗಿ ಓದು

ಬಣಕಲ್ ಹತ್ತಿರದ ಶಾಲೆಯಲ್ಲಿ ಮೂರನೇ ಕ್ಲಾಸಿನ ಒಬ್ಬ ಹುಡುಗನ ಬಗ್ಗೆ ಟೀಚರ್‌ಗೆ ಚಿಂತೆ. "ಓದೋಕೆ ಬರುತ್ತೆ ಮೇಡಂ, ಆದ್ರೆ ಯಾರ ಮುಂದೂ ಬಾಯಿ ಬಿಡಲ್ಲ. ನೀವು ಓದೋಕೆ ಬರಲ್ಲ ಅಂತ ಬರೆದುಬಿಟ್ರೆ ಅವನಮ್ಮ ತುಂಬ ನೊಂದ್ಕೋತಾರೆ." ಆ ತಾಯಿ ಪಕ್ಕದ ಎಸ್ಟೇಟಿನಲ್ಲಿ ಕೂಲಿಗೆ ಹೋಗುವವರು. ತಮಗೆ ಓದಲು ಬಾರದು, ಮಗನಿಗಾದರೂ ಬರಲಿ ಅಂತ ಆಸೆ.

ಹುಡುಗನನ್ನು ಕಿಟಕಿಯ ಹತ್ತಿರ ನಿಲ್ಲಿಸಿದೆ. "ನನ್ನ ಮುಖ ನೋಡ್ಬೇಡ ಮಗಾ. ಹೊರಗಡೆ ತಿರುಗಿ ಓದು."

ಗುಸುಗುಸು ಎಂದ. "ಇನ್ನೂ ಸ್ವಲ್ಪ ಗಟ್ಟಿಯಾಗಿ," ಎಂದೆ. ಏನನ್ನಿಸಿತೋ, ಎದೆ ತುಂಬ ಉಸಿರೆಳೆದುಕೊಂಡು ಕೂಗಿಯೇಬಿಟ್ಟ:

"ಅಗೋ ಆನೆ. ದೊಡ್ಡ ಆನೆ. ಆನೆ ತೋಟದೊಳಗೆ ಬಂತು."

ಬೇಲಿಯಾಚೆ ಕಾಫಿ ಕೊಯ್ಯುತ್ತಿದ್ದವರು ಚೀಲ ಬಿಸಾಡಿ ಓಡಿಬಂದರು. ಎಲ್ಲರಿಗಿಂತ ಮುಂದೆ ಕೂಲಿಯವರ ಲೆಕ್ಕ ಬರೆಯುವ ಎಸ್ಟೇಟಿನ ರೈಟರು. ಶಾಲೆಯೊಳಗೆ ನುಗ್ಗಿ, "ಟೀಚರ್, ಬಾಗಿಲು ಹಾಕಿ. ಆನೆ ಎಲ್ಲಿದೆ?" ಎಂದರು.

"ಮೂರನೇ ಪಾಠದಲ್ಲಿ," ಎಂದರು ಟೀಚರ್.

ವಿಷಯ ಗೊತ್ತಾದ ಮೇಲೆ ರೈಟರು ಗೊಣಗುತ್ತ ಕುಳಿತರು. ಗುಂಪಿನ ಹಿಂದಿನಿಂದ ಒಬ್ಬ ಹೆಂಗಸು ಮುಂದೆ ಬಂದರು. ಕಾಲಲ್ಲಿ ಒಂದೇ ಚಪ್ಪಲಿ, ಇನ್ನೂ ಏದುಸಿರು.

"ಓದಿದ್ದು ನಮ್ಮ ಹುಡುಗನಾ?"

"ಹೌದಮ್ಮ, ಅವನೇ," ಎಂದೆ.

ಅವರು ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನ ಬೆಂಚಿನಲ್ಲಿ ಕುಳಿತರು.

"ಇನ್ನೊಂದ್ಸಲ ಓದ್ಸಿ ಮೇಡಂ. ಓಡೋ ಗಡಿಬಿಡೀಲಿ ಸರಿಯಾಗಿ ಕೇಳ್ಲಿಲ್ಲ."