ಟವೆಲ್ ಕಪಾಟಿನಲ್ಲಿ ಬಿಯರು

ಹಿರಿಯರು ಮನೆಗೆ ಬರುತ್ತಾರೆಂದರೆ ಎಲ್ಲರೂ ಏನನ್ನಾದರೂ ಬಚ್ಚಿಡುತ್ತಾರೆ. ನನ್ನ ಗೆಳತಿಯೊಬ್ಬಳು ಅತ್ತೆ ಇರುವಷ್ಟು ದಿನ ಮೊಟ್ಟೆಯ ಟ್ರೇಯನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಓಡಾಡುತ್ತಿದ್ದಳು. ನಾನು ಬಚ್ಚಿಟ್ಟದ್ದು ಐದೈದು ಲೀಟರಿನ ಎರಡು ಪ್ಲಾಸ್ಟಿಕ್ ನೀರಿನ ಕ್ಯಾನುಗಳನ್ನು. ಒಳಗಿದ್ದದ್ದು ಮಾತ್ರ ನೀರಲ್ಲ, ಬಿಯರು. ಅದನ್ನು ಇಂಗ್ಲೆಂಡಿನ ಹ್ಯಾರೋದ ನಮ್ಮ ಅಡುಗೆಮನೆಯಲ್ಲಿ ಕೈಯಾರೆ ಮಾಡಿದವಳೂ ನಾನೇ.

ಇದಕ್ಕೆಲ್ಲ ಮೂಲ ಪಕ್ಕದ ಮನೆಯ ಡೆರೆಕ್, ನಿವೃತ್ತ ಬಸ್ ಡ್ರೈವರ್. ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ನಾನು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದು ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ, ಆತ ಬೇಲಿಯ ಮೇಲಿಂದ ಒಂದು ಲೋಟ ಚಾಚಿದ. ತಾನೇ ಮಾಡಿದ ಬಿಯರಂತೆ. ಸಂಕೋಚಕ್ಕೆ ಒಂದು ಗುಟುಕು ಕುಡಿದೆ; ಸಂಕೋಚ ಬಿಟ್ಟು ಉಳಿದದ್ದನ್ನೂ ಕುಡಿದೆ. ಇದನ್ನು ಮಾಡಲು ದೊಡ್ಡ ಗಾಜಿನ ಜಾಡಿಗಳೆಲ್ಲ ಬೇಕಲ್ಲವೇ ಎಂದು ಕೇಳಿದ್ದಕ್ಕೆ ಡೆರೆಕ್ ನಕ್ಕುಬಿಟ್ಟ. ಸೂಪರ್‌ಮಾರ್ಕೆಟ್ಟಿನ ಖಾಲಿ ನೀರಿನ ಕ್ಯಾನು ಸಾಕು, ಒಳಗೆ ಬ್ರಷ್ ಹಾಕಿ ತಿಕ್ಕಬೇಡ, ಗೀರು ಬಿದ್ದರೆ ಅಲ್ಲಿ ಕ್ರಿಮಿ ಕೂರುತ್ತದೆ, ಮುಚ್ಚಳ ಬಿಗಿ ಮಾಡಬೇಡ, ಗ್ಯಾಸಿಗೆ ಸಿಡಿಯುತ್ತದೆ ಎಂದ. ಮುಚ್ಚಳದ ಬದಲು ಡಾಕ್ಟರುಗಳ ರಬ್ಬರ್ ಕೈಗವಸನ್ನು ಬಾಯಿಗೆ ಬಿಗಿದು, ಒಂದು ಬೆರಳಿಗೆ ಸೂಜಿಯಲ್ಲಿ ಚುಚ್ಚಿದರೆ ಆಯಿತಂತೆ. ಕ್ರಿಮಿ, ಕೈಗವಸು, ಸೂಜಿ! ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿದ್ದದ್ದು ಇದೇ ತಾನೇ. ಹುಟ್ಟಿದಾಗಿನಿಂದ ಕಾಫಿಗಿಂತ ಗಟ್ಟಿಯಾದದ್ದೇನನ್ನೂ ಕುಡಿಯದ ನನ್ನ ಗಂಡ ಶ್ರೀಧರ, "ಅಲ್ಲ ಕಣೇ, ಹಗಲೆಲ್ಲ ಪೇಷಂಟುಗಳಿಗೆ ಕುಡೀಬೇಡಿ ಅಂತೀಯ, ಮನೇಗೆ ಬಂದು ಭಟ್ಟಿ ಇಳಿಸ್ತೀಯ" ಎಂದ. ಭಟ್ಟಿ ಇಳಿಸುವುದೇ ಬೇರೆ, ಹುಳಿ ಬರಿಸುವುದೇ ಬೇರೆ ಎಂದು ಅವನಿಗೆ ವಿವರಿಸುವಷ್ಟು ಪಂಡಿತೆ ನಾನು ಆಗಲೇ ಆಗಿದ್ದೆ.

ಮಾಲ್ಟು, ಸಕ್ಕರೆ, ಯೀಸ್ಟು ಕಲಸಿ ಕ್ಯಾನುಗಳಿಗೆ ತುಂಬಿದ ಮರುದಿನವೇ ಮೈಸೂರಿನಿಂದ ಮಾವನವರ ಫೋನು ಬಂತು. ಟಿಕೆಟ್ ಸಿಕ್ಕಿದೆ, ಶನಿವಾರ ಬರುತ್ತೇನೆ ಎಂದು. ಅವರು ಮೂವತ್ತೆರಡು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿದವರು. ಈರುಳ್ಳಿ ಕೂಡ ತಿನ್ನುವುದಿಲ್ಲ. ಕ್ಯಾನುಗಳನ್ನು ಮಹಡಿಯ ಮೇಲೆ ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿನಲ್ಲಿಟ್ಟು, ಮುಂದೆ ಟವೆಲುಗಳನ್ನು ಜೋಡಿಸಿದೆ. ಬೆಚ್ಚಗೂ ಇರುತ್ತದೆ, ಗುಟ್ಟಾಗಿಯೂ ಇರುತ್ತದೆ ಎಂದು ನನ್ನ ಲೆಕ್ಕಾಚಾರ. ಸ್ನಾನ ಮಾಡಿದವರಿಗೆ ಟವೆಲು ಬೇಕಾಗುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ. ಶನಿವಾರ ಬಂದಿಳಿದ ಮಾವನವರು ಮೊದಲು ಹೋದದ್ದೇ ಸ್ನಾನಕ್ಕೆ.

"ಸುಮಾ, ಸ್ವಲ್ಪ ಮೇಲೆ ಬಾಮ್ಮ."

ಓಡಿದೆ. ಮಾವನವರು ಒದ್ದೆ ಪಂಚೆಯಲ್ಲಿ ಕಪಾಟಿನ ಮುಂದೆ ನಿಂತಿದ್ದರು. ಒಳಗೆ ಎರಡು ಕೈಗವಸುಗಳೂ ಗ್ಯಾಸು ತುಂಬಿ ಸೆಟೆದು, ಐದೈದು ಬೆರಳು ಬಿಡಿಸಿಕೊಂಡು ಅವರಿಗೆ ಅಭಯ ನೀಡುತ್ತಿದ್ದವು.

"ಏನಮ್ಮಾ ಇದು?"

"ಅದು... ಪಕ್ಕದ ಮನೆ ಡೆರೆಕ್‌ದು ಮಾವ. ಅವರ ಮನೇಲಿ ಜಾಗ ಇಲ್ಲವಂತೆ, ಇಲ್ಲಿಟ್ಟಿದಾರೆ."

"ಹೌದಾ," ಎಂದರು. ಬಟ್ಟೆ ಹಾಕಿಕೊಂಡರು, ಕೆಳಗಿಳಿದರು, ಸೀದಾ ಹಿತ್ತಿಲ ಬೇಲಿಯ ಹತ್ತಿರ ಹೋಗಿ ಡೆರೆಕ್‌ನನ್ನು ಕರೆದರು. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಸುಳ್ಳು ಹೇಳಬೇಕೆಂದು ಆ ಪುಣ್ಯಾತ್ಮನಿಗೆ ನಾನು ಹೇಳಿರಲಿಲ್ಲ. ಅವನು ನಮ್ಮ ಮನೆಯ ಕಡೆ ಕೈ ತೋರಿಸಿ, ಹೆಬ್ಬೆರಳೆತ್ತಿ ನನ್ನನ್ನು ಹೊಗಳುತ್ತಿರುವುದು ಅಲ್ಲಿಂದಲೇ ಕಂಡಿತು.

ಮಾವನವರು ಒಳಗೆ ಬಂದು ಊಟದ ಮೇಜಿನ ಮುಂದೆ ಕುಳಿತರು. ನನಗೆ ನಲವತ್ತೈದು ವರ್ಷ, ಕೈಕೆಳಗೆ ಆರು ಜನ ಜೂನಿಯರ್ ಡಾಕ್ಟರುಗಳು. ಆದರೂ ಕಾಪಿ ಹೊಡೆದು ಸಿಕ್ಕಿಬಿದ್ದವಳ ಹಾಗೆ ನಿಂತೆ.

"ಸುಳ್ಳು ಹೇಳಿದೆಯಲ್ಲ, ಅದು ಬೇಜಾರಾಯ್ತು," ಎಂದರು. ಆಮೇಲೆ ಮಹಡಿಯ ಕಡೆ ನೋಡುತ್ತ, "ಪ್ರತಿ ವರ್ಷ ಬೋರ್ಡ್ ಮೇಲೆ ಬರೀತಿದ್ದೆ. ಸಕ್ಕರೆ, ಯೀಸ್ಟು, ಇಷ್ಟು ಆಲ್ಕೋಹಾಲು, ಇಷ್ಟು ಕಾರ್ಬನ್ ಡೈಆಕ್ಸೈಡು ಅಂತ. ಲ್ಯಾಬಲ್ಲಿ ಮಾಡಿ ತೋರಿಸ್ತೀನಿ ಅಂದ್ರೆ ಪ್ರಿನ್ಸಿಪಾಲರು ಕೈ ಮುಗಿದುಬಿಡೋರು. ಒಂದು ಸಲಾನೂ ಕಣ್ಣಲ್ಲಿ ನೋಡಿಲ್ಲಮ್ಮ. ಥರ್ಮಾಮೀಟರ್ ಇದೆಯಾ?" ಎಂದರು.

ಅಂದಿನಿಂದ ಕಪಾಟು ನನ್ನ ಕೈತಪ್ಪಿತು. ಮಾವನವರು ಒಂದು ನೋಟುಬುಕ್ಕಿನಲ್ಲಿ ಎರಡು ಹೊತ್ತೂ ಉಷ್ಣಾಂಶ ಬರೆದರು. ಭಾನುವಾರ ಶ್ರೀಧರನ ಕಾರು ಹತ್ತಿ ನಮ್ಮ ದೇಶದವರ ಅಂಗಡಿಗಳಿರುವ ಸೌತ್‌ಹಾಲಿಗೆ ಹೋಗಿ ಬೀಡಾ ಅಂಗಡಿಯಿಂದ ಸುಣ್ಣ ತಂದರು. ಅದನ್ನು ನೀರಿಗೆ ಕದಡಿ, ಸೋಸಿ, ತಿಳಿ ತೆಗೆದರು. ಡೆರೆಕ್ ತನ್ನ ಮೀನಿನ ತೊಟ್ಟಿಯ ಸಣ್ಣ ನಳಿಗೆಯೊಂದಿಗೆ ಬಂದ. ಒಂದು ಕೈಗವಸಿನ ಬೆರಳ ತುದಿ ಕತ್ತರಿಸಿ, ನಳಿಗೆ ಸೇರಿಸಿ ದಾರ ಕಟ್ಟಿ, ಇನ್ನೊಂದು ತುದಿಯನ್ನು ಸುಣ್ಣದ ತಿಳಿಯಲ್ಲಿ ಮುಳುಗಿಸಿದರು. ಗುಳು ಗುಳು ಎಂದು ಗುಳ್ಳೆಗಳೆದ್ದವು. ಮೂವರು ಗಂಡಸರೂ ಉಸಿರು ಬಿಗಿಹಿಡಿದು ಬಗ್ಗಿ ನೋಡುತ್ತಿದ್ದಂತೆ ಲೋಟದ ತಿಳಿನೀರು ಕಾರ್ಬನ್ ಡೈಆಕ್ಸೈಡು ತಗುಲಿ ನಿಧಾನವಾಗಿ ಹಾಲಿನಂತಾಯಿತು.

"ನೋಡಿದ್ಯಾ! ಹಾಲು! ಹೇಳಿರಲಿಲ್ವೇ ನಾನು!" ಎಂದು ಮಾವನವರು ಚಪ್ಪಾಳೆ ತಟ್ಟಿದರು. ಯಾರಿಗೆ ಹೇಳಿದ್ದರೋ, ಬಹುಶಃ ಮೂವತ್ತೆರಡು ವರ್ಷದ ಅಷ್ಟೂ ವಿದ್ಯಾರ್ಥಿಗಳಿಗೆ. ಕನ್ನಡ ಬಾರದ ಡೆರೆಕ್ ಕೂಡ ಅವರ ಕೈ ಕುಲುಕಿದ. ನನಗೇಕೋ ಕಣ್ಣು ಮಂಜಾಯಿತು. ಪಾಪ, ಇಂಥ ಮನುಷ್ಯನಿಂದ ಟವೆಲು ಮುಚ್ಚಿ ಬಚ್ಚಿಟ್ಟಿದ್ದೆನಲ್ಲ!

ಪ್ರಯೋಗಕ್ಕೆಂದು ದಿನಕ್ಕೆ ಹತ್ತು ಸಲ ಕ್ಯಾನಿನ ಬಾಯಿ ಬಿಚ್ಚಿ ಕಟ್ಟುವುದು ಬಿಯರಿಗೆ ಒಳ್ಳೆಯದಲ್ಲ ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ. ಕೆಲವು ವಾರಗಳ ಮೇಲೆ, ಅವರು ಊರಿಗೆ ಹೊರಡುವ ಮೊದಲು, ಒಂದು ಮಧ್ಯಾಹ್ನ ಹಿತ್ತಿಲಲ್ಲಿ, ಕ್ಯಾನಿನಿಂದ ಬಾಟಲಿಗಳಿಗೆ ತುಂಬಿಟ್ಟಿದ್ದ ಬಿಯರಿನ ಮೊದಲ ಬಾಟಲಿ ತೆಗೆದೆವು. ಡೆರೆಕ್ ಒಂದು ಗುಟುಕು ಕುಡಿದು, ಲೋಟವನ್ನು ಬಿಸಿಲಿಗೆ ಹಿಡಿದು, ಬಣ್ಣ ಬಹಳ ಚೆನ್ನಾಗಿದೆ ಎಂದ. ಇಂಗ್ಲಿಷರು ಹಾಗೆ ಹೇಳಿದರೆ ಏನರ್ಥವೆಂದು ಇಷ್ಟು ವರ್ಷದಲ್ಲಿ ಕಲಿತಿದ್ದೇನೆ. ನಾನೂ ಕುಡಿದೆ. ಹಲ್ಲು ಜುಮ್ಮೆಂದಿತು.

ಮಾವನವರು ನೋಟುಬುಕ್ಕು ತೆರೆದು, ಪೆನ್ನು ಹಿಡಿದು ಕಾಯುತ್ತಿದ್ದರು. "ನಾನಂತೂ ಮುಟ್ಟಲ್ಲ. ನೀನೇ ಹೇಳ್ಬೇಕು. ರುಚಿ?"

"ಚೆನ್ನಾಗಿದೆ ಮಾವ. ತುಂಬಾ ಚೆನ್ನಾಗಿದೆ."

ಅವರು ಕನ್ನಡಕದ ಮೇಲಿಂದ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ತಲೆಯಾಡಿಸಿ, ದುಂಡಗಿನ ಅಕ್ಷರದಲ್ಲಿ ಬರೆದುಕೊಂಡರು: "ರುಚಿ: ಹುಳಿ."